ಫೀಸು ನಮ್ಮದು, ಇಂಜಿನಿಯರ್ ಯಾರ ಕಡೆ?

ಪ್ರಶ್ನೆ: ನಾನು ಕುವೈತ್‌ನಲ್ಲಿದ್ದೇನೆ. ಉಡುಪಿ ಹತ್ತಿರ ಪರ್ಕಳದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ನನಗೆ ಬಂದು ನೋಡಲು ಆಗುವುದಿಲ್ಲ ಅಂತ ಕಾಂಟ್ರಾಕ್ಟ್ ನೋಡಿಕೊಳ್ಳಲು ಬೇರೆಯೇ ಒಬ್ಬ ಇಂಜಿನಿಯರನ್ನು ಇಟ್ಟಿದ್ದೇನೆ. ಈಗ ನೋಡಿದರೆ ಅವರು ಕಾಂಟ್ರಾಕ್ಟರಿಗೆ 24 ದಿನ ಜಾಸ್ತಿ ಕೊಟ್ಟಿದ್ದಾರೆ. ಬಾಗಿಲು ಇರುವ ಜಾಗಕ್ಕೂ ಸಾರಣೆ (ಪ್ಲಾಸ್ಟರಿಂಗ್) ಲೆಕ್ಕ ಹಿಡಿದು ಬಿಲ್ಲು ಪಾಸು ಮಾಡಿದ್ದಾರೆ. ಫೀಸು ಕೊಡುವುದು ನಾನು. ಅವರು ಯಾರ ಕಡೆ?

ಉತ್ತರ: ಅರ್ಧ ನಿಮ್ಮ ಕಡೆ. ಇನ್ನರ್ಧ ಯಾರ ಕಡೆಯೂ ಅಲ್ಲ.

ಕಾಂಟ್ರಾಕ್ಟ್ ನೋಡಿಕೊಳ್ಳುವವರಿಗೆ ಎರಡು ಕೆಲಸ ಇರುತ್ತದೆ. ಮೊದಲನೆಯದರಲ್ಲಿ ಅವರು ನಿಮ್ಮ ಪ್ರತಿನಿಧಿ. ಡ್ರಾಯಿಂಗ್ ಕೊಡುವುದು, ಮೇಸ್ತ್ರಿ ಕೇಳಿದ್ದಕ್ಕೆ ಉತ್ತರ ಹೇಳುವುದು, ಸ್ಲ್ಯಾಬ್ ಹಾಕುವ ಮುಂಚೆ ಕಂಬಿ ನೋಡುವುದು, ಬದಲಾವಣೆ ಇದ್ದರೆ ಬರೆದು ಕೊಡುವುದು. ಇಲ್ಲಿ ನೀವು ಹೇಳಿದ್ದನ್ನು ಅವರು ಕೇಳಬೇಕು. ಆದರೆ ಬಿಲ್ಲಿಗೆ ಸಹಿ ಹಾಕುವಾಗ, ಎಷ್ಟು ದಿನ ಹೆಚ್ಚು ಕೊಡಬೇಕು ಅಂತ ತೀರ್ಮಾನಿಸುವಾಗ ಅವರು ತಕ್ಕಡಿ ಹಿಡಿದವರ ಹಾಗೆ. ಆಗ ನಿಮ್ಮ ಮಾತೂ ನಡೆಯಬಾರದು, ಕಾಂಟ್ರಾಕ್ಟರ್ ಮಾತೂ ನಡೆಯಬಾರದು. ದೊಡ್ಡ ದೊಡ್ಡ ಯೋಜನೆಗಳಲ್ಲಿ ಬಳಸುವ ಫಿಡಿಕ್ (ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಕರಾರಿನ 2017ರ ಆವೃತ್ತಿಯಲ್ಲಿ ಇದನ್ನು ನೇರವಾಗಿಯೇ ಬರೆದಿದ್ದಾರೆ. ಇಂಥ ತೀರ್ಮಾನ ಮಾಡುವಾಗ ಇಂಜಿನಿಯರ್ ಮಾಲೀಕರ ಪರವಾಗಿ ಕೆಲಸ ಮಾಡುತ್ತಿದ್ದಾರೆ ಅಂತ ಲೆಕ್ಕವಿಲ್ಲ, ಅವರು ತಟಸ್ಥರಾಗಿರಬೇಕು. ನಿಮ್ಮ ಮನೆಯ ಕರಾರು ಹತ್ತು ಪುಟದ್ದು ಇರಬಹುದು, ಆದರೆ ಈ ಪದ್ಧತಿ ಅದೇ.

ಈಗ 24 ದಿನದ ವಿಷಯಕ್ಕೆ ಬರುತ್ತೇನೆ. ಇಂಜಿನಿಯರ್ ಪತ್ರದ ಪ್ರತಿ ನೀವೇ ಕಳಿಸಿದ್ದೀರಿ. ಎರಡನೇ ಪುಟ ಓದಿದ್ದೀರಾ? ಕಾಂಟ್ರಾಕ್ಟರ್ ಕೇಳಿದ್ದು 60 ದಿನ. ಅದರಲ್ಲಿ 36 ದಿನ ಜೂನ್, ಜುಲೈ ಮಳೆಗೆ. ಅದನ್ನು ನಿಮ್ಮ ಇಂಜಿನಿಯರ್ ಪೂರ್ತಿ ಹೊಡೆದು ಹಾಕಿದ್ದಾರೆ, ಮತ್ತು ಸರಿಯಾಗಿಯೇ ಮಾಡಿದ್ದಾರೆ. ಕರಾರುಗಳಲ್ಲಿ ಸಾಮಾನ್ಯವಾಗಿ ದಿನ ಸಿಗುವುದು ಅಸಾಧಾರಣ ಹವಾಮಾನಕ್ಕೆ ಮಾತ್ರ. ಉಡುಪಿಯಲ್ಲಿ ಜೂನ್‌ನಲ್ಲಿ ಮಳೆ ಬರುವುದು ಅಸಾಧಾರಣವಾ ಮಾರಾಯ್ರೆ? ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರೇ ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತಾರೆ. ಇಲ್ಲಿ ಕೆಲಸ ಹಿಡಿಯುವ ಕಾಂಟ್ರಾಕ್ಟರಿಗೆ ಗೊತ್ತಿಲ್ಲದ ವಿಷಯವೇ ಅಲ್ಲ. ಮಳೆಗಾಲದ ದಿನಗಳನ್ನು ಅವರು ಕೊಟೇಶನ್ ಬರೆಯುವಾಗಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಉಳಿದ 24 ದಿನ ಬಂದದ್ದು ನಿಮ್ಮಿಂದ. ಅಡುಗೆ ಮನೆ ಎತ್ತ ಮುಖ ಮಾಡಬೇಕು ಅಂತ ಹೇಳಲು ನೀವು ಐದು ವಾರ ತೆಗೆದುಕೊಂಡಿರಿ. ಐದು ವಾರ ಅಂದರೆ 35 ದಿನ, ಹಾಗಾದರೆ 24 ಹೇಗೆ? ಸೈಟಿನ ಡೈರಿ ನೋಡಿ. ಆ ಸಮಯದಲ್ಲಿ 11 ದಿನ ಅದೇ ಮೇಸ್ತ್ರಿಗಳು ಹಿಂದಿನ ಕೆಂಪುಕಲ್ಲಿನ ಕಂಪೌಂಡ್ ಗೋಡೆ ಕಟ್ಟಿದ್ದಾರೆ. ಅಂದರೆ ಅಷ್ಟು ದಿನ ಕೆಲಸ ನಿಂತಿರಲಿಲ್ಲ. ಅದನ್ನು ಕಳೆದೇ ಕೊಟ್ಟಿದ್ದಾರೆ. ಇಷ್ಟು ಚೊಕ್ಕ ಲೆಕ್ಕ ನನ್ನ ಕೈಗೆ ಸಿಗುವುದು ಅಪರೂಪ.

ಈ 24 ದಿನ ಕೊಡದೇ ಇದ್ದಿದ್ದರೆ ನಿಮಗೇ ತೊಂದರೆ. ಮಾಲೀಕರೇ ಕೆಲಸ ತಡ ಮಾಡಿ, ದಿನವನ್ನೂ ಮುಂದೆ ಹಾಕದಿದ್ದರೆ, ಮೊದಲಿನ ತಾರೀಕಿಗೆ ಬೆಲೆ ಉಳಿಯುವುದಿಲ್ಲ. ಆಮೇಲೆ ಕಾಂಟ್ರಾಕ್ಟರ್ ನಿಜವಾಗಿಯೂ ತಡ ಮಾಡಿದಾಗ ದಂಡ ಹಿಡಿಯಲು ಹೋದರೆ, "ಯಾವ ತಾರೀಕಿನಿಂದ ಸ್ವಾಮಿ?" ಅಂತ ಕೇಳುತ್ತಾರೆ. ಉತ್ತರ ಇರುವುದಿಲ್ಲ. ಈಗ ನಿಮಗೆ ಗಟ್ಟಿಯಾದ ಹೊಸ ತಾರೀಕು ಸಿಕ್ಕಿದೆ. ಅದೂ ದಾಟಿದರೆ ಸುಮ್ನೆ ಕೂರಬೇಡಿ. ಸಮಯವೇ ಮುಖ್ಯ ಅಂತ ಬರೆದ ಕರಾರಿನಲ್ಲೂ, ತಡವಾದ ಕೆಲಸವನ್ನು ಮಾತಾಡದೆ ಒಪ್ಪಿಕೊಂಡರೆ ಆಮೇಲೆ ಪರಿಹಾರ ಕೇಳುವ ಹಾಗಿಲ್ಲ. ಒಪ್ಪಿಕೊಳ್ಳುವಾಗಲೇ ನೋಟಿಸ್ ಕೊಟ್ಟಿರಬೇಕು. ಇದು 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್. ಆ ನೋಟಿಸನ್ನು ನೆನಪಿಟ್ಟು ಸಮಯಕ್ಕೆ ಸರಿಯಾಗಿ ಕಳಿಸುವಂತೆ ನೋಡಿಕೊಳ್ಳುವುದೂ ನಿಮ್ಮ ಇಂಜಿನಿಯರ್ ಕೆಲಸವೇ.

ಬಾಗಿಲಿನ ಸಾರಣೆಗೆ ಬರೋಣ. ಇದಕ್ಕೆ ಎಲ್ಲರಿಗೂ ಸಿಟ್ಟು ಬರುತ್ತದೆ. ಬಾಗಿಲು ಇರುವಲ್ಲಿ ಗೋಡೆಯೇ ಇಲ್ಲ, ಸಾರಣೆಗೆ ದುಡ್ಡು ಎಲ್ಲಿಂದ ಅಂತ.

ನಿಮ್ಮ ಕರಾರಿನಲ್ಲಿ ಅಳತೆ ಐಎಸ್ 1200 ಪ್ರಕಾರ ಅಂತ ಬರೆದಿದೆ. ನಮ್ಮ ದೇಶದಲ್ಲಿ ಕಟ್ಟಡ ಕೆಲಸ ಅಳೆಯುವ ಮಾನಕ ಅದು. ಅದರ ಪ್ರಕಾರ 0.5 ಚದರ ಮೀಟರ್ ವರೆಗಿನ ತೂತಿಗೆ ಏನೂ ಕಳೆಯುವುದಿಲ್ಲ. 0.5ಕ್ಕಿಂತ ದೊಡ್ಡದು, 3 ಚದರ ಮೀಟರ್ ವರೆಗಿನದ್ದಕ್ಕೆ ಗೋಡೆಯ ಒಂದೇ ಮುಖದಲ್ಲಿ ಕಳೆಯಬೇಕು. 3 ದಾಟಿದರೆ ಎರಡೂ ಮುಖದಲ್ಲಿ ಕಳೆಯಬೇಕು. ನಿಮ್ಮ ಮಲಗುವ ಕೋಣೆಯ ಬಾಗಿಲು 1 ಮೀಟರ್ ಅಗಲ, 2.1 ಮೀಟರ್ ಎತ್ತರ, ಅಂದರೆ 2.1 ಚದರ ಮೀಟರ್. ಒಂದು ಕಡೆ ಕಳೆದಿದ್ದಾರೆ, ಇನ್ನೊಂದು ಕಡೆ ಬಿಟ್ಟಿದ್ದಾರೆ. ಯಾಕೆ ಅಂದರೆ ಬಾಗಿಲಿನ ಒಳಬದಿಯ ಅಂಚು ಇದೆಯಲ್ಲ, ಗೋಡೆಯ ದಪ್ಪದಷ್ಟು ಅಗಲದ್ದು, ಅಲ್ಲಿ ಮೇಸ್ತ್ರಿ ನೂಲು ಹಿಡಿದು, ಪಟ್ಟಿ ಇಟ್ಟು, ಅರ್ಧ ದಿನ ಕೂತು ಮೂಲೆ ತೆಗೆಯುತ್ತಾನೆ. ಅದಕ್ಕೆ ಬೇರೆ ದುಡ್ಡು ಇಲ್ಲ. ಕಳೆಯದೆ ಬಿಟ್ಟ ಆ ಒಂದು ಮುಖವೇ ಅದರ ಕೂಲಿ.

ನೀವು ನಿಜವಾಗಿ ನೋಡಬೇಕಾದದ್ದು ಹಾಲ್‌ನ ದೊಡ್ಡ ಕಿಟಕಿ. ಅದು 2.4 ಮೀಟರಿಗೆ 1.5, ಅಂದರೆ 3.6 ಚದರ ಮೀಟರ್. ಎರಡೂ ಮುಖ ಸೇರಿ 7.2 ಕಳೆದು, ಅಂಚನ್ನು ಬೇರೆ ಅಳೆದು ಸೇರಿಸಿರಬೇಕು. ನೋಡಿದೆ, ಸರಿಯಾಗಿಯೇ ಇದೆ.

ಬಿಲ್ಲು ಪಾಸು ಮಾಡುವವರು ಹೆದರಬೇಕಾದದ್ದು ಬೇರೆ ಕಡೆ. ಮಾಡದ ಕೆಲಸಕ್ಕೆ ಸಹಿ ಹಾಕುವುದು. ಇಂಗ್ಲೆಂಡಿನಲ್ಲಿ ಸಟ್‌ಕ್ಲಿಫ್ ಮತ್ತು ಥ್ಯಾಕ್ರಾ ಅನ್ನುವ ಪ್ರಸಿದ್ಧ ಮೊಕದ್ದಮೆ ಇದೆ, 1974ರದ್ದು. ಒಂದು ಮನೆ ಕೆಲಸಕ್ಕೆ ಆರ್ಕಿಟೆಕ್ಟ್ ಹೆಚ್ಚು ಹಣ ಪಾಸು ಮಾಡಿದ್ದರು. ಬಿಲ್ಡರ್ ದಿವಾಳಿಯಾದ. ಮಾಲೀಕರ ದುಡ್ಡು ಹೋಯಿತು. ನಾನು ಮಧ್ಯಸ್ಥನ ಹಾಗೆ ತೀರ್ಪು ಕೊಟ್ಟವನು, ನನ್ನ ಮೇಲೆ ದಾವೆ ನಡೆಯದು ಅನ್ನುವ ಆರ್ಕಿಟೆಕ್ಟ್ ವಾದವನ್ನು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಬಿಲ್ಲು ಪಾಸು ಮಾಡುವವರು ಇಬ್ಬರಿಗೂ ನ್ಯಾಯವಾಗಿ ನಡೆಯಬೇಕು, ಆದರೆ ಅಜಾಗರೂಕತೆಯಿಂದ ಆದ ನಷ್ಟಕ್ಕೆ ಮಾಲೀಕರಿಗೆ ಹೊಣೆಯೂ ಆಗುತ್ತಾರೆ ಅಂದಿತು.

ನನಗೂ ಒಮ್ಮೆ ಪಾಠ ಆಗಿದೆ. ಮಂಗಳೂರಿನಲ್ಲಿ ಸುರತ್ಕಲ್ ಕಡೆಯ ಒಂದು ಸೈಟು. ಚೌತಿ ಹತ್ತಿರ ಬಂದಿತ್ತು. ಆಳುಗಳು ಊರಿಗೆ ಹೋಗಬೇಕು, ಸ್ವಲ್ಪ ಜಾಸ್ತಿ ಪಾಸು ಮಾಡಿ ಸಾರ್ ಅಂದರು ಕಾಂಟ್ರಾಕ್ಟರ್. ಅಂಗಳದಲ್ಲಿ ಕಂಬಿ ರಾಶಿ ಬಿದ್ದಿತ್ತು. ಇನ್ನೂ ಕಟ್ಟಿರಲಿಲ್ಲ, ಆದರೂ ಲೆಕ್ಕಕ್ಕೆ ಸೇರಿಸಿದೆ. ಚೌತಿ ಕಳೆದು ಹೋಗಿ ನೋಡಿದರೆ ಅರ್ಧ ರಾಶಿ ಇಲ್ಲ. ಕಿನ್ನಿಗೋಳಿ ಕಡೆಯ ಅವರದೇ ಇನ್ನೊಂದು ಸೈಟಿನ ಕಂಬದೊಳಗೆ ಸೇರಿಹೋಗಿತ್ತು! ಮುಂದಿನ ಎರಡು ಬಿಲ್ಲಿನಲ್ಲಿ ಹಿಡಿದುಕೊಂಡು ಸರಿ ಮಾಡಿದೆ. ಆದರೆ ಆ ಮನೆಯ ಅಮ್ಮನ ಎದುರು ಲೆಕ್ಕ ಹೇಳಿದ ದಿನ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಮೇಲೂ ಒಂದು ದೂರು. ಸಿಟೌಟ್ ಎರಡು ಅಡಿ ಮುಂದೆ ತನ್ನಿ ಅಂತ ನೇರವಾಗಿ ಮೇಸ್ತ್ರಿಗೆ ವಾಟ್ಸಾಪ್ ಮಾಡಿದ್ದೀರಿ. ಅದು ಇಂಜಿನಿಯರಿಗೆ ಗೊತ್ತಾದದ್ದು ಅಡಿಪಾಯ ಅಗೆದ ಮೇಲೆ. ನಾಳೆ ಅದಕ್ಕೆ ಎಕ್ಸ್‌ಟ್ರಾ ಬಿಲ್ಲು ಬರುತ್ತದೆ, ರೇಟು ಮಾತಾಡಿಲ್ಲ. ಏನೇ ಬೇಕಿದ್ದರೂ ಇಂಜಿನಿಯರಿಗೆ ಹೇಳಿ. ಅವರು ರೇಟು, ದಿನ ಎರಡನ್ನೂ ಕೇಳಿ, ನಿಮ್ಮ ಒಪ್ಪಿಗೆ ಪಡೆದು, ಬರೆದು ಕೊಡುತ್ತಾರೆ.

ಕೊನೆಗೆ, ನೀವು ಕೇಳದ ಒಂದು ವಿಷಯ. ಕರಾರಿನ ಕೊನೆಯ ಪುಟದಲ್ಲಿ 5 ಶೇಕಡಾ ಹಣ ತಡೆಹಿಡಿದು, ಮನೆ ಕೈಗೆ ಬಂದ ಆರು ತಿಂಗಳಿಗೆ ಬಿಡಬೇಕು, ಅಲ್ಲಿಯವರೆಗಿನ ದೋಷ ಕಾಂಟ್ರಾಕ್ಟರೇ ಸರಿಮಾಡಬೇಕು ಅಂತಿದೆ. ನವೆಂಬರಿನಲ್ಲಿ ಗೃಹಪ್ರವೇಶ ಅಂದಿದ್ದೀರಿ. ನವೆಂಬರ್ ಮಧ್ಯದಲ್ಲಿ ಮನೆ ಕೈಗೆ ಬಂದರೆ ಮೇ ಮಧ್ಯಕ್ಕೆ ಆರು ತಿಂಗಳು ಮುಗಿಯುತ್ತದೆ, ಪತ್ತನಾಜೆಗೂ ಮೊದಲೇ. ಮನೆ ಸೋರುತ್ತದಾ ಇಲ್ಲವಾ ಅಂತ ಗೊತ್ತಾಗುವುದು ಅದರ ನಂತರ, ಅಲ್ವಾ? ಅದನ್ನು 12 ತಿಂಗಳು ಮಾಡಿಸಿಕೊಳ್ಳಿ. ಆದರೆ ಇಂಜಿನಿಯರಿಗೆ ಫೋನ್ ಮಾಡಿ ಬದಲಿಸಿ ಅಂದರೆ ಆಗುವುದಿಲ್ಲ. ಕರಾರು ನಡೆಸುವುದು ಮಾತ್ರ ಅವರ ಕೈಯಲ್ಲಿದೆ, ತಿದ್ದುವುದು ಇಲ್ಲ. ಅದಕ್ಕೆ ನಿಮ್ಮದೂ ಕಾಂಟ್ರಾಕ್ಟರದ್ದೂ ಸಹಿ ಬೇಕು. ಸಿಟೌಟಿನ ರೇಟು ಮಾತಾಡುವಾಗಲೇ ಈ ಮಾತೂ ತೆಗೆಯಿರಿ.