ಖಾಲಿ ಸೈಟಿನ ಕಾಂಗ್ರೆಸ್ ಗಿಡ, ಮೆಕ್ಸಿಕೋದ ಹುಳ

ನಮ್ಮನೆ ಪಕ್ಕದ ಖಾಲಿ ಸೈಟಲ್ಲಿ ನಾಲ್ಕು ಮಳೆ ಬಿದ್ರೆ ಸಾಕು, ಕಾಂಗ್ರೆಸ್ ಗಿಡ ಸೊಂಟದ ಮಟ್ಟ ಎದ್ದು ನಿಲ್ಲುತ್ತೆ. ಹೋದ ವರ್ಷ ಇದೇನ್ ಮಹಾ ಅಂತ ಬರಿಗೈಲಿ ಕಿತ್ತು ಹಾಕ್ದೆ, ಎರಡು ದಿನ ಬಿಟ್ಟು ಮೊಣಕೈವರೆಗೂ ಗಂಧೆ, ವಾರಪೂರ್ತಿ ಕೆರ್ಕೊಳ್ಳೋದೇ ಕೆಲ್ಸ. ಗಿಡದಲ್ಲಿರೋ ಪಾರ್ಥೆನಿನ್ ಅನ್ನೋ ವಿಷದ ಪ್ರಸಾದ ಅದು. ದನ ತಿಂದ್ರೆ ಹಾಲೂ ಕಹಿ. ಅಕ್ಕಪಕ್ಕದಲ್ಲಿ ಗರಿಕೆ, ತುಂಬೆ ಏಳೋಕೂ ಬಿಡಲ್ಲ.

ಇದರ ತವರು ಮೆಕ್ಸಿಕೋ ಕಡೆ. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆ ಹತ್ರ ಜನರ ಕಣ್ಣಿಗೆ ಬಿತ್ತು, ಆಮದು ಗೋಧಿ ಜೊತೆ ಬೀಜ ಬಂತು ಅಂತಾರೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ. ಮೆಕ್ಸಿಕೋದಲ್ಲೂ ಉದುರಿಸುತ್ತೆ, ಆದ್ರೆ ಅಲ್ಲಿ ಅದನ್ನ ಮೇಯೋ ಹುಳ ಇವೆ, ಇಲ್ಲಿಗೆ ಗಿಡ ಬಂತು, ಹುಳ ಅಲ್ಲೇ ಉಳೀತು.

ಸರಿ ಅಂತ 1983ರಲ್ಲಿ ಆ ಹುಳನೂ ತಂದ್ರು, ಅದೂ ನಮ್ಮ ಬೆಂಗಳೂರಿಗೇ. ಜೈಗೋಗ್ರಾಮಾ ಅಂತ ಒಂದು ಪುಟ್ಟ ಜೀರುಂಡೆ. ಬೇರೆ ಬೆಳೆ ಮುಟ್ಟಲ್ಲ ಅಂತ ಟೆಸ್ಟ್ ಮಾಡಿ ಮುಂದಿನ ವರ್ಷ ಹೊರಗೆ ಬಿಟ್ರು. ಆಮೇಲೆ ನೋಡಿದ್ರೆ ಸೂರ್ಯಕಾಂತಿ ಎಲೆ ಮೇಲೆ ಹುಳ, ಶುರುವಾಯ್ತು ಗಲಾಟೆ! ಕೊನೆಗೆ ಗೊತ್ತಾಗಿದ್ದು ಏನಂದ್ರೆ ಕಾಂಗ್ರೆಸ್ ಗಿಡದ ಪರಾಗ ಗಾಳಿಗೆ ಹಾರಿ ಸೂರ್ಯಕಾಂತಿ ಎಲೆ ಮೇಲೆ ಕೂರ್ತಿತ್ತು, ಆ ರುಚಿಗೆ ಹುಳ ಎಲೆಗೂ ಬಾಯಿ ಹಾಕ್ತಿತ್ತು.

ಜುಲೈಲಿ ಕಾಂಗ್ರೆಸ್ ಗಿಡದ ಒಂದು ಎಲೆ ತಿರುಗಿಸಿ ನೋಡಿ. ಕೆನೆ ಬಣ್ಣದ ಬೆನ್ನು, ಮೇಲೆ ಕಂದು ಗೆರೆ, ಪಕ್ಕದಲ್ಲಿ ಹಳದಿ ಮೊಟ್ಟೆ. ಮರಿಗಳು ಚಿಗುರಿಂದಾನೇ ಶುರು ಮಾಡ್ತವೆ, ಮುಗಿಸೋ ಹೊತ್ತಿಗೆ ಬರೀ ಕಡ್ಡಿ. ತೊಂದರೆ ಏನಂದ್ರೆ ಮಳೆ ನಿಂತ್ಮೇಲೆ ಹುಳ ಮಣ್ಣೊಳಗೆ ಹೋಗಿ ಮಲಗಿಬಿಡುತ್ತೆ, ಗಿಡಕ್ಕೆ ಮೋರಿ ನೀರು ಸಿಕ್ರೂ ಸಾಕು.

ಇಂಥ ಪರದೇಶಿ ಜೀವಿಗಳಿಂದ ಜಗತ್ತಿಗೆ 2019ರಲ್ಲಿ 42 ಸಾವಿರ ಕೋಟಿ ಡಾಲರಿಗೂ ಜಾಸ್ತಿ ಲಾಸ್ ಆಗಿದೆ ಅಂತ ವಿಶ್ವಸಂಸ್ಥೆ ಬೆಂಬಲದ ಐಪಿಬಿಇಎಸ್ ಅನ್ನೋ ಜೀವವೈವಿಧ್ಯ ವೇದಿಕೆ 2023ರಲ್ಲಿ ಲೆಕ್ಕ ಕೊಡ್ತು. ನಮ್ಮ ಸೈಟಿನ ಖರ್ಚು ಒಂದು ದಿನದ ಜೆಸಿಬಿ ಬಾಡಿಗೆ. ಮೊನ್ನೆ ಓನರ್ ಕರ್ಸಿ ಎಲ್ಲಾ ಬೋಳಿಸಿದ್ರು, ಮಣ್ಣು ಟ್ರ್ಯಾಕ್ಟರಲ್ಲಿ ಹಿಂದಿನ ರೋಡಿನ ಸೈಟಿಗೆ ಹೋಯ್ತು. ಈಗ ಅಲ್ಲೂ ಕ್ಯಾರೆಟ್ ಸೊಪ್ಪಿನ ಥರ ಮೊಳಕೆ ಎದ್ದಿದೆ.