ವಿಕ್ಟೋರಿಯಾ: ಕೊಳದ ಮೇಲಿನ ದೈತ್ಯ ನೈದಿಲೆ

ದಕ್ಷಿಣ ಅಮೆರಿಕದ ನದೀಬಯಲುಗಳಲ್ಲಿ ಬೆಳೆಯುವ ನೈದಿಲೆಗಳ ಒಂದು ಕುಲ ವಿಕ್ಟೋರಿಯಾ. ಇದರಲ್ಲಿ ಮೂರು ಪ್ರಭೇದಗಳಿವೆ: ಅಮೆಜೋನಿಕಾ, ಕ್ರೂಜಿಯಾನಾ ಮತ್ತು ಬೊಲಿವಿಯಾನಾ. ಕೊನೆಯದನ್ನು ಬೇರೆ ಪ್ರಭೇದವೆಂದು ಗುರುತಿಸಿದ್ದು 2022ರಲ್ಲಿ. ಅಲ್ಲಿಯವರೆಗೆ 177 ವರ್ಷ ಅದರ ಒಣ ಮಾದರಿ ಲಂಡನ್ನಿನ ಕ್ಯೂ ಉದ್ಯಾನದ ಸಸ್ಯಸಂಗ್ರಹದಲ್ಲೇ ಇತ್ತು. ಅದರ ಎಲೆ ಮೂರು ಮೀಟರ್ ಅಗಲವನ್ನೂ ದಾಟುತ್ತದೆ.

ನೋಡಲು ಬಂದವರ ಕಣ್ಣಿಗೆ ಬೀಳುವುದು ಅಂಚು ಮೇಲಕ್ಕೆ ಮಡಚಿದ ಹಸಿರು ತಟ್ಟೆ. ಆದರೆ ಗಿಡದ ಕಸುಬು ಇರುವುದು ಎಲೆಯ ಅಡಿಯಲ್ಲಿ. ನಡುವಿನಿಂದ ಹೊರಟ ದಪ್ಪ ನರಗಳು ಕವಲೊಡೆಯುತ್ತಾ ಅಂಚಿಗೆ ಹೋಗುತ್ತವೆ. ಅವನ್ನು ಅಡ್ಡ ನರಗಳು ಹೆಣೆಯುತ್ತವೆ. ನರಗಳ ಒಳಗೆ ಗಾಳಿ ತುಂಬಿದ ಪೊಳ್ಳುಗಳಿವೆ, ಮೈತುಂಬಾ ಚೂಪು ಮುಳ್ಳುಗಳಿವೆ. ಎಲೆ ಭಾರ ಹೊರುವುದು ಈ ಹಂದರದ ಬಲದಿಂದ. ನರಗಳ ನಡುವಿನ ಹಾಳೆ ತೆಳು, ಬೆರಳಿನಿಂದ ಒತ್ತಿದರೂ ಹರಿಯುತ್ತದೆ. ಅದಕ್ಕೇ ಎಲೆಯ ಮೇಲೆ ಮಗುವನ್ನು ಕೂರಿಸಿ ಫೋಟೊ ತೆಗೆಯುವಾಗ ಕೆಳಗೆ ಹಲಗೆ ಇಟ್ಟು ಭಾರ ಹಂಚುತ್ತಾರೆ. ಮಳೆನೀರು ನಿಲ್ಲದಂತೆ ಅಂಚಿನಲ್ಲಿ ಎದುರುಬದುರು ಎರಡು ಸೀಳುಗಳಿವೆ. ಹಾಳೆಯಲ್ಲಿ ಸೂಕ್ಷ್ಮ ರಂಧ್ರಗಳೂ ಇವೆ.

ಇಂಗ್ಲೆಂಡಿಗೆ ಈ ಗಿಡ ತರುವ ಮೊದಲ ಯತ್ನಗಳು ಸೋತವು. 1849ರ ಫೆಬ್ರವರಿಯಲ್ಲಿ ಶುದ್ಧ ನೀರು ತುಂಬಿದ ಸೀಸೆಗಳಲ್ಲಿ ಬಂದ ಬೀಜಗಳು ಕ್ಯೂನಲ್ಲಿ ಮೊಳೆತವು. ಆಗಸ್ಟಿನಲ್ಲಿ ಒಂದು ಸಸಿ ಡೆವನ್‌ಶೈರ್ ಡ್ಯೂಕ್‌ನ ಚಾಟ್ಸ್‌ವರ್ತ್ ಎಸ್ಟೇಟಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಕೈಸೇರಿತು. ಬಿಸಿಮಾಡಿದ ತೊಟ್ಟಿಯಲ್ಲಿ ನೀರು ಅಲುಗಾಡುವಂತೆ ಸಣ್ಣ ಚಕ್ರಗಳನ್ನು ಅಳವಡಿಸಿ ಆತ ಅದೇ ನವೆಂಬರಿನಲ್ಲಿ ಹೂ ಬಿಡಿಸಿದ. 1851ರಲ್ಲಿ ಆತನ ವಿನ್ಯಾಸದಂತೆ ಲಂಡನ್ನಿನಲ್ಲಿ ಎದ್ದ ಗಾಜಿನ ಪ್ರದರ್ಶನ ಭವನ ಕ್ರಿಸ್ಟಲ್ ಪ್ಯಾಲೇಸ್‌ಗೆ ಈ ಎಲೆಯೇ ಮಾದರಿ ಎಂಬ ಮಾತು ಜನಪ್ರಿಯ. ನಿಜವಾಗಿ ಅದರ ನೇರ ಪೂರ್ವಜ, ಈ ಗಿಡಕ್ಕಾಗಿ ಆತ ಕಟ್ಟಿದ ಗಾಜಿನ ಮನೆ ಎನ್ನುವುದೇ ಹೆಚ್ಚು ಸರಿ. 1852ರಲ್ಲಿ ಕ್ಯೂ ಕೂಡ ಇದಕ್ಕೆಂದೇ ಒಂದು ಮನೆ ಕಟ್ಟಿತು; ಅಷ್ಟು ಮಾಡಿದರೂ ಗಿಡ ಅಲ್ಲಿ ಚೆನ್ನಾಗಿ ಬರಲಿಲ್ಲ.

ಉದ್ಯಾನಗಳಲ್ಲಿ ಇದನ್ನು ಸಾಮಾನ್ಯವಾಗಿ ಪ್ರತಿ ವರ್ಷ ಬೀಜದಿಂದಲೇ ಹೊಸದಾಗಿ ಎಬ್ಬಿಸುತ್ತಾರೆ. ಬಟಾಣಿಯಷ್ಟಿರುವ ಗಟ್ಟಿ ಬೀಜದ ಸಿಪ್ಪೆಯನ್ನು ಚೂಪು ಚಾಕುವಿನಿಂದ ತುಸು ಕೆತ್ತಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಡಬೇಕು. ಮೊದಲ ಎಲೆ ದಾರದಂತಿರುತ್ತದೆ, ಮುಂದಿನವು ಬಾಣದ ತುದಿಯಂತೆ, ಆಮೇಲೆ ದುಂಡಗೆ. ಮಡಚಿದ ಅಂಚು ಬರುವುದು ಇನ್ನೂ ತಡವಾಗಿ. ಸಸಿಯಲ್ಲಿ ಅದು ಕಾಣದಿದ್ದರೆ ಗಾಬರಿ ಬೇಡ.

ಇಲ್ಲಿ ಎಡವುವುದು ಹೆಚ್ಚಾಗಿ ಕುಂಡ ಬದಲಿಸುವುದರಲ್ಲಿ. ಬೇರು ಕುಂಡದ ಗೋಡೆಗೆ ಸುತ್ತಿಕೊಳ್ಳುವ ಮೊದಲೇ ದೊಡ್ಡದಕ್ಕೆ ದಾಟಿಸಬೇಕು. ಒಮ್ಮೆ ಬೆಳವಣಿಗೆ ಕುಂಠಿತವಾದರೆ ಆ ಋತುವಿನಲ್ಲಿ ಎಲೆ ಚಿಕ್ಕದಾಗಿಯೇ ಉಳಿಯಬಹುದು. ಅಂತಿಮ ನೆಲೆ ಕೊಳದ ನೀರಿನೊಳಗಿನ, ಸುಮಾರು ಒಂದು ಮೀಟರ್ ಅಗಲದ ಮಣ್ಣಿನ ತೊಟ್ಟಿ. ಅದಕ್ಕೆ ಜೇಡಿ ಹೆಚ್ಚಿರುವ ಭಾರದ ಮಣ್ಣು. ನೆಡುವಾಗ ಸುಳಿ ಮಣ್ಣಿನ ಮೇಲೇ ಇರಲಿ, ಮುಚ್ಚಿದರೆ ಕೊಳೆಯುತ್ತದೆ. ಗೊಬ್ಬರದ ಗುಳಿಗೆಗಳನ್ನು ಮಣ್ಣಿನೊಳಗೆ ಆಳಕ್ಕೆ ಒತ್ತಬೇಕು. ನೀರಿಗೆ ಬಿಟ್ಟರೆ ಪಾಚಿ ಉಣ್ಣುತ್ತದೆ. ನೀರು ತಣ್ಣಗಾದರೆ ಅಮೆಜೋನಿಕಾ ಸೊರಗುತ್ತದೆ, ಕ್ರೂಜಿಯಾನಾ ಸ್ವಲ್ಪ ತಾಳುತ್ತದೆ. ಎರಡನ್ನೂ ಬೆರೆಸಿದ ಸಂಕರ ತಳಿಯೂ ಇದೆ: ಅಮೆರಿಕದ ಲಾಂಗ್‌ವುಡ್ ಉದ್ಯಾನದ್ದು.

ಹೂವಿನ ಆಯುಸ್ಸು ಎರಡೇ ರಾತ್ರಿ. ಮೊದಲ ಸಂಜೆ ಬಿಳಿ. ಗಾಢ ಹಣ್ಣಿನ ಪರಿಮಳ, ಸುತ್ತಲ ಗಾಳಿಗಿಂತ ಹತ್ತು ಡಿಗ್ರಿಯಷ್ಟು ಹೆಚ್ಚಿನ ಬಿಸಿ. ಆಗ ಅದು ಹೆಣ್ಣಿನ ಸ್ಥಿತಿಯಲ್ಲಿದೆ. ಆಕರ್ಷಿತವಾಗಿ ಬಂದ ಜೀರುಂಡೆಗಳನ್ನು ಒಳಗಿಟ್ಟುಕೊಂಡೇ ಹೂ ಮುಚ್ಚಿಕೊಳ್ಳುತ್ತದೆ. ಮರುದಿನ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿ ಅರಳುವಾಗ ಅದು ಗಂಡು. ಹೊರಡುವ ಜೀರುಂಡೆಗಳ ಮೈಗೆ ಪರಾಗ ಮೆತ್ತಿಕೊಂಡು ಇನ್ನೊಂದು ಬಿಳಿ ಹೂವಿಗೆ ಹೋಗುತ್ತದೆ.

ಗಾಜಿನ ಮನೆಯಲ್ಲಿ ಆ ಜೀರುಂಡೆ ಇಲ್ಲ. ಹಾಗಾಗಿ ಎರಡನೇ ರಾತ್ರಿಯ ಹೂವಿನ ಪರಾಗವನ್ನು ಕುಂಚದಲ್ಲಿ ತೆಗೆದು ಮೊದಲ ರಾತ್ರಿಯ ಹೂವಿನ ಒಳಬಟ್ಟಲಿಗೆ ಸವರುತ್ತಾರೆ. ಕಾಯಿ ನೀರಿನಡಿ ಬಲಿಯುತ್ತದೆ. ಅದು ಬಿರಿಯುವ ಮೊದಲೇ ಬಲೆಯ ಚೀಲ ಕಟ್ಟಿಡಬೇಕು, ಇಲ್ಲವಾದರೆ ಬೀಜಗಳು ಕೆಲ ಹೊತ್ತು ತೇಲಿ, ಚದುರಿ, ಕೆಸರಿಗಿಳಿಯುತ್ತವೆ.