ಯಂತ್ರ ಉಳಿಸಿದ ಹೊತ್ತು ಯಾರ ಲೆಕ್ಕಕ್ಕೆ?

ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡುವ ಕೆಲಸ ಕಾಸರಗೋಡಿನ ತೋಟಗಳಲ್ಲಿ ಈಗ ಮೊದಲಿನಂತಿಲ್ಲ. ಕಾಲಿಗೆ ತಳೆ ಹಾಕಿ ಮರವೇರಿ, ತುದಿಯಲ್ಲೇ ಬಾಗಿ ಪಕ್ಕದ ಮರಕ್ಕೆ ದಾಟುತ್ತಿದ್ದ ನುರಿತ ಆಳಿನ ಜಾಗದಲ್ಲಿ ಎಷ್ಟೋ ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಹಿಡಿದವನು ನೆಲದಲ್ಲೇ ನಿಂತು, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ತಲುಪಿಸುತ್ತಾನೆ. ಮೈಲುತುತ್ತಿನ ನೀಲಿ ಹನಿಗಳು ಅವನ ಹೆಗಲಿಗೇ ಇಳಿಯುತ್ತವೆ. ಬಿದ್ದು ಸೊಂಟ ಮುರಿಯುವ ಭಯ ಹೋಯಿತು, ಅದು ಸಣ್ಣ ಲಾಭವಲ್ಲ. ಆದರೆ ಉಳಿದ ಕೂಲಿ, ಉಳಿದ ದಿನಗಳು ಯಾರ ಪಾಲಿಗೆ ಎಂದು ದೋಟಿ ಕೊಳ್ಳುವಾಗ ಯಾರೂ ಮಾತಾಡಿಕೊಂಡದ್ದಿಲ್ಲ. ಮಾತಾಡದೆ ಬಿಟ್ಟದ್ದು ದೋಟಿಯ ಒಡೆಯನ ಪಾಲಾಯಿತು. ಕೃತಕ ಬುದ್ಧಿಮತ್ತೆಯಿಂದ ಹೆಚ್ಚುವ ಉತ್ಪಾದಕತೆಯನ್ನು ಸಮಾಜದ ಮತ್ತು ಪರಿಸರದ ಹಿತಕ್ಕೆ ತಿರುಗಿಸಬೇಕೆಂದು ಇಂದು ನಡೆಯುತ್ತಿರುವ ಚರ್ಚೆ, ಹೀಗೆ ಮಾತಾಡದೆ ಬಿಟ್ಟ ಪಾಲಿನ ಕುರಿತೇ ಇದೆ.

ಪ್ರಶ್ನೆ ಹಳೆಯದು. ಯಂತ್ರದಿಂದ ಎಲ್ಲರಿಗೂ ಒಳಿತೇ ಎಂದು ನಂಬಿದ್ದ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1821ರಲ್ಲಿ ತನ್ನ ಅಭಿಪ್ರಾಯ ಬದಲಿಸಿ, ಯಂತ್ರವು ಕೂಲಿಯವನಿಗೆ ಹಾನಿ ಮಾಡಲೂಬಹುದು ಎಂದು ಒಪ್ಪಿಕೊಂಡ. 1930ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್, ಇನ್ನು ನೂರು ವರ್ಷಗಳಲ್ಲಿ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತೆಂದು ಬರೆದರು. ಆ ಗಡುವು ಹತ್ತಿರ ಬಂದಿದೆ. ಸಂಪತ್ತು ಬೆಳೆಯುವ ಬಗ್ಗೆ ಅವರ ಅಂದಾಜು ಬಹುಮಟ್ಟಿಗೆ ಸರಿಯಾಯಿತು. ಬಿಡುವಿನ ಅಂದಾಜು ಮಾತ್ರ ಹುಸಿಯಾಯಿತು.

ಇದನ್ನು ತಿಳಿಯಲು ಇಂಗ್ಲೆಂಡಿನ ತನಕ ಹೋಗಬೇಕಾಗಿಯೂ ಇಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ರಕ್ಷಣೆಗಾಗಿ 1966ರಲ್ಲಿ ಬಂದ ಕೇಂದ್ರ ಕಾಯ್ದೆಯನ್ನು ಕೇರಳ ಸರ್ಕಾರ 1968ರಲ್ಲಿ ಜಾರಿಗೆ ತರಹೊರಟಾಗ, ಮಂಗಳೂರು ಮೂಲದ ಬೀಡಿ ಮಾಲೀಕರು ಕೇರಳದ ಶಾಖೆಗಳನ್ನು ಮುಚ್ಚಿ ಗಡಿಯಾಚೆ ಸರಿದರು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯ ಭಾಗ. ಸುಮಾರು 12 ಸಾವಿರ ಮಂದಿ ಕೆಲಸ ಕಳೆದುಕೊಂಡರು. ಅವರನ್ನು ಸೇರಿಸಿ 1969ರಲ್ಲಿ ಕಟ್ಟಿದ ಸಹಕಾರ ಸಂಘವೇ ದಿನೇಶ್ ಬೀಡಿ. ಎಲೆ, ತಂಬಾಕು, ಬೆರಳು ಎಲ್ಲವೂ ಮೊದಲಿನವೇ. ಬದಲಾದದ್ದು ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದೊಂದೇ. ಅದರಿಂದ ಭವಿಷ್ಯನಿಧಿ, ರಜೆ, ಬೋನಸ್ಸು ಬಂದವು. ಸಾಲಾಗಿ ಕುಳಿತು ಬೀಡಿ ಸುತ್ತುವವರ ನಡುವೆ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿ ಕೊಡುತ್ತಿದ್ದರು. ಉಳಿದ ಹೊತ್ತನ್ನು ಓದಿಗೆ ಕೊಡಬೇಕೆಂದು ದುಡಿಯುವವರೇ ನಿಶ್ಚಯಿಸಿದ ಇಂಥ ಉದಾಹರಣೆ ಬೇರೆಡೆ ಅಪರೂಪ. ಬೀಡಿ ಒಳ್ಳೆಯ ವಸ್ತುವೆಂದು ನಾನು ವಾದಿಸುವುದಿಲ್ಲ. ಬೇಡಿಕೆ ಕುಸಿದಾಗ ಅದೇ ಸಂಘ ಕೊಡೆ, ಆಹಾರ ಪದಾರ್ಥ, ಕೊನೆಗೆ ಸಾಫ್ಟ್‌ವೇರ್ ಸೇವೆಯವರೆಗೂ ಹೊರಳಿಕೊಂಡಿತು ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಎರಡನೆಯ ಕಥೆಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಗೇರು ತೋಟಗಳಿಗೆ ಟೀ ಸೊಳ್ಳೆಯೆಂಬ ಕೀಟದ ಕಾಟ ತಪ್ಪಿಸಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲಾಯಿತು. ಉತ್ಪಾದಕತೆಯ ದೃಷ್ಟಿಯಿಂದ ನೋಡಿದರೆ ಅದು ಅತ್ಯುತ್ತಮ ಉಪಾಯವೇ ಆಗಿತ್ತು, ಏಕೆಂದರೆ ನೂರಾರು ಆಳುಗಳ ವಾರಗಳ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿತ್ತು. ಲಾಭವೆಲ್ಲ ತೋಟದ ಜಮಾಖರ್ಚಿನಲ್ಲಿ ದಾಖಲಾಯಿತು. ಎಣ್ಮಕಜೆಯ ಪಡ್ರೆಯಂತಹ ಊರುಗಳ ನೀರಿನ ಸುರಂಗ, ತೋಡು, ಬಾವಿಗಳಲ್ಲಿ ಇಳಿದ ವಿಷಕ್ಕೆ ಪುಸ್ತಕವೇ ಇರಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು; 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷಗಳ ಬಳಿಕ ಅದೇ ನ್ಯಾಯಾಲಯ ವಿಚಾರಿಸಿದಾಗ, 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದುದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ 8 ಮಂದಿಗೆ. ಲಾಭ ಬಂದ ಮೇಲೆ ಒಳಿತಿನ ಕಡೆಗೆ ತಿರುಗಿಸಿದರಾಯಿತು ಎನ್ನುವವರ ಮುಂದೆ ನಾನು ಇಡುವುದು ಈ ಎರಡು ಸಂಖ್ಯೆಗಳನ್ನು.

ಇನ್ನು ಕೃತಕ ಬುದ್ಧಿಮತ್ತೆ. ಗ್ರಾಹಕ ಸೇವೆಯ ಸುಮಾರು 5 ಸಾವಿರ ನೌಕರರನ್ನು ಗಮನಿಸಿ 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಉತ್ತರ ಸೂಚಿಸುವ ಎಐ ಸಲಕರಣೆಯಿಂದ ಅವರ ಕೆಲಸದ ವೇಗ ಸರಾಸರಿ ಶೇ 14ರಷ್ಟು, ಹೊಸಬರದ್ದು ಶೇ 34ರಷ್ಟು ಹೆಚ್ಚಿತೆಂದು ತೋರಿಸಿತು. ಹಳಬರಿಗೆ ಹೆಚ್ಚೇನೂ ದಕ್ಕಲಿಲ್ಲ. ಕಾರಣ ಸರಳವಾಗಿದೆ: ಯಂತ್ರ ಕಲಿತದ್ದೇ ಅವರಂಥ ನಿಪುಣರ ಸಂಭಾಷಣೆಗಳಿಂದ. ಅಂದರೆ ಅವರ ಅನುಭವವನ್ನು ಹಿಂಡಿ ಹೊಸಬರಿಗೆ ಹಂಚಲಾಯಿತು, ಹಾಗೆ ಹಿಂಡಿದ್ದಕ್ಕೆ ಅವರ ಸಂಬಳದಲ್ಲಿ ಸಾಲೊಂದು ಸೇರಲಿಲ್ಲ. ತಳೆ ಹಾಕಿ ಮರವೇರುತ್ತಿದ್ದವನ ವಿದ್ಯೆಗಾದರೂ ಯಾರೂ ಹೀಗೆ ನಕಲು ತೆಗೆದಿರಲಿಲ್ಲ.

ಪರಿಸರದ ಲೆಕ್ಕ ಇನ್ನೂ ತೊಡಕಿನದು. 2016ರಲ್ಲಿ ಗೂಗಲ್ ತನ್ನ ಡೇಟಾ ಕೇಂದ್ರವನ್ನು ತಂಪಾಗಿಡುವ ವಿದ್ಯುತ್ತನ್ನು ಎಐ ನೆರವಿನಿಂದ ಶೇ 40ರಷ್ಟು ಇಳಿಸಿದೆನೆಂದು ಸಾರಿತು. ಅದೇ ಕಂಪೆನಿಯ ಹಸಿರುಮನೆ ಅನಿಲಗಳ ಹೊರಸೂಸುವಿಕೆ 2019ರಿಂದ 2023ರೊಳಗೆ ಶೇ 48ರಷ್ಟು ಏರಿತು. ಕಲ್ಲಿದ್ದಲನ್ನು ಮಿತವಾಗಿ ಉರಿಸುವ ಎಂಜಿನ್ ಬಂದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದರು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಕೇಂದ್ರಗಳು ಬಳಸಿದ ವಿದ್ಯುತ್ 415 ಟೆರಾವಾಟ್ ಗಂಟೆ, ಒಟ್ಟು ಬಳಕೆಯ ಸುಮಾರು ಶೇ 1.5, 2030ಕ್ಕೆ ಅದು 945ರ ಹತ್ತಿರ ಮುಟ್ಟೀತೆಂಬ ಅಂದಾಜಿದೆ. ಕೊಳವೆಬಾವಿಗೆ ಒಳ್ಳೆಯ ಪಂಪು ಬಂದಾಗ ನಮ್ಮ ತೋಟಗಳ ನೀರು ಉಳಿಯಿತೇ, ತೋಟಗಳು ಗುಡ್ಡ ಹತ್ತಿದವೇ ಎಂದು ನೆನಪಿಸಿಕೊಂಡರೆ ಜೆವನ್ಸ್ ಅರ್ಥವಾಗುತ್ತಾರೆ.

ಯಂತ್ರದ ಲಾಭವನ್ನು ಎಲ್ಲರ ಒಳಿತಿಗೆ ತಿರುಗಿಸಿದ ಉದಾಹರಣೆ ಇಲ್ಲವೇ ಇಲ್ಲ ಎಂದೇನಲ್ಲ. ಪ್ರೋಟೀನುಗಳ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಎಐ ವ್ಯವಸ್ಥೆ 2022ರಲ್ಲಿ 20 ಕೋಟಿಗೂ ಮಿಕ್ಕಿದ ರಚನೆಗಳನ್ನು ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ತೆರೆದಿಟ್ಟಿತು, 2024ರಲ್ಲಿ ಅದರ ಹಿಂದಿದ್ದವರಿಗೆ ನೊಬೆಲ್ ಬಂತು. ಅಡಿಕೆಯ ಕೊಳೆರೋಗದ ಬೂಷ್ಟನ್ನು ಅಭ್ಯಸಿಸುವ ಯಾವ ಪ್ರಯೋಗಾಲಯವಾದರೂ ಅದನ್ನು ಇಂದೇ ಬಳಸಬಹುದು. ಆ ಕೊಡುಗೆ ಯಂತ್ರದ ಸ್ವಭಾವದಿಂದ ಬಂದದ್ದಲ್ಲ; ಒಡೆಯರು ಹಾಗೆಂದು ನಿಶ್ಚಯಿಸಿದರು, ಮುಂದಿನ ಸಲ ಬೇರೆ ರೀತಿ ನಿಶ್ಚಯಿಸುವುದೂ ಅವರ ಕೈಯಲ್ಲೇ ಇದೆ.

ನಮ್ಮಲ್ಲಿ ಈ ನಿಶ್ಚಯ ತೀರ ಬೇಗ ಬೇಕಾಗಿರುವುದು ಭಾಷೆಯ ವಿಷಯದಲ್ಲಿ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆದು, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಭಾಷಾಂತರಕಾರರಿಲ್ಲವೆಂಬ ಸಬೂಬು ಅಂದಿನಿಂದಲೂ ಕೇಳುತ್ತಿದೆ. 2022ರಲ್ಲಿ ಕೇಂದ್ರ ಸರ್ಕಾರ ಯಂತ್ರದಿಂದಲೇ ಭಾಷಾಂತರಿಸುವ ಭಾಷಿಣಿ ಯೋಜನೆ ತಂದ ಮೇಲೆ ಆ ಸಬೂಬಿಗೆ ಬಲವಿಲ್ಲ. ಆದರೂ ಕಳೆದ ವರ್ಷ ಕಚೇರಿಯೊಂದರಿಂದ ಬಂದ ಮಲಯಾಳ ನೋಟಿಸನ್ನು ನಾನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿದಾಗ, ಮೂಲದ ‘ಆಧಾರಂ’ ಅಲ್ಲಿ ‘ಆಧಾರ್’ ಆಯಿತು. ಮಲಯಾಳದಲ್ಲಿ ಅದು ಜಾಗದ ದಸ್ತಾವೇಜು. ಆಧಾರ್ ಕಾರ್ಡು ಹಿಡಿದು ಎರಡು ಬಸ್ಸು ಬದಲಿಸಿ ಹೋದವನಿಗೆ ತುಳು ಬಲ್ಲ ಗುಮಾಸ್ತರೊಬ್ಬರು ನಕ್ಕು, ಒಂದೇ ಮಾತಿನಲ್ಲಿ ತಿಳಿಸಿ, ಅರ್ಜಿಯನ್ನು ತಾವೇ ತಿದ್ದಿಕೊಟ್ಟರು. ಯಂತ್ರ ಇನ್ನಷ್ಟು ಕಲಿತು ಆ ಕಚೇರಿಯ ಪತ್ರಗಳನ್ನೆಲ್ಲ ನಿಮಿಷದಲ್ಲಿ ಕನ್ನಡಕ್ಕೆ ತರುವ ದಿನ, ಆ ಗುಮಾಸ್ತರಿಗೆ ಉಳಿಯುವ ಹೊತ್ತಿನಲ್ಲಿ ಇಂಥ ಅರ್ಜಿಗಳನ್ನು ನೋಡುವ ಕೆಲಸವನ್ನೇ ಅವರಿಗೆ ಕೊಡುತ್ತಾರೋ, ಅವರು ನಿವೃತ್ತರಾದ ಮೇಲೆ ಆ ಕುರ್ಚಿಯನ್ನು ಖಾಲಿ ಬಿಡುತ್ತಾರೋ ಎಂಬುದನ್ನು ಯಾವ ಆದೇಶವೂ ಇನ್ನೂ ಹೇಳಿಲ್ಲ.